ಕಟ್ಟಿಹಾಕಿದ ನಟ, ಕಟ್ಟಿಲ್ಲದ ಕಥೆ

ಸಂಘದ ಕಾರ್ಯಕ್ರಮ ಮುಗಿದು, ಉಪ್ಪಿಟ್ಟು-ಚಹದ ಹೊತ್ತಿಗೆ ನಾಲ್ಕು ಜನ ಒಂದೆಡೆ ನಿಂತರೆಂದರೆ ಎರಡು ವಿಷಯ ಬಂದೇ ಬರುತ್ತವೆ. ಒಂದು ಲೋಕಲ್ ಗಾಡಿಯ ನೂಕುನುಗ್ಗಲು. ಇನ್ನೊಂದು ಟೀವಿ ಧಾರಾವಾಹಿ. ಮೊದಲನೆಯದಕ್ಕೆ ನಮ್ಮಲ್ಲಿ ಉಪಾಯವಿಲ್ಲ. ಎರಡನೆಯದರ ಬಗ್ಗೆ ಎಲ್ಲರ ದೂರೂ ಒಂದೇ ಬಗೆಯದು: "ಮೊದಲ ಮೂರು ತಿಂಗಳು ಚಲೋ ಇತ್ತು, ಆಮೇಲೆ ಕೆಟ್ಟಿತು." ಹೀಗೆ ದೂರಿದವರೇ ಮನೆಗೆ ಹೋಗಿ, ಕಾಲು ತೊಳೆದುಕೊಂಡು, ಅದೇ ಧಾರಾವಾಹಿಯ ಮುಂದೆ ಕೂಡುತ್ತಾರೆ. ಅವರಲ್ಲಿ ನಾವೂ ಒಬ್ಬರು.

ಯಾಕೆ ಕೆಡುತ್ತದೆ ಎಂದು ಕೇಳಿದರೆ ಸಿದ್ಧ ಉತ್ತರಗಳಿವೆ. ಜಾಹೀರಾತಿನ ಹಣ, ಟಿಆರ್‌ಪಿ ಎಂಬ ಅಂಕಿ, ಅತ್ತೆ-ಸೊಸೆಯ ಜಗಳ, ನೋಡುವವರ ಅಭಿರುಚಿ. ಇವೆಲ್ಲ ನಿಜವೇ. ಆದರೆ ಇವುಗಳ ಹಿಂದೆ ಯಾರೂ ಮಾತಾಡದ ಇನ್ನೊಂದು ವಸ್ತುವಿದೆ. ಅದು ನಟ-ನಟಿಯರು ಸಹಿ ಹಾಕುವ ಕರಾರು ಪತ್ರ. ಈ ಕಾಗದವನ್ನು ಪ್ರೇಕ್ಷಕರು ನೋಡುವುದಿಲ್ಲ, ವಿಮರ್ಶಕರು ಕೇಳುವುದಿಲ್ಲ. ನಾವೂ ಕೇಳುತ್ತಿರಲಿಲ್ಲ. ಆದರೆ ಮೂರು ವರ್ಷದ ಹಿಂದೆ ಅಂಥದೊಂದು ಕಾಗದ ನಮ್ಮ ಕೈಗೇ ಬಂದುದರಿಂದ ಈ ಲೇಖನ ಹುಟ್ಟಿತು.

ನಮ್ಮ ಸಂಘದ ನಾಟಕಗಳಲ್ಲಿ ಚಿಕ್ಕಂದಿನಿಂದ ಪಾತ್ರ ವಹಿಸುತ್ತ ಬಂದ ಹುಡುಗಿಯೊಬ್ಬಳಿಗೆ ಹಿಂದಿ ಧಾರಾವಾಹಿಯೊಂದರಲ್ಲಿ ಅವಕಾಶ ಸಿಕ್ಕಿತು. ನಾಯಕಿಯಲ್ಲ, ನಾಯಕಿಯ ನಾದಿನಿ. ತಂದೆ ತೀರಿಕೊಂಡ ಮನೆ, ಬಾಡಿಗೆಯ ಎರಡು ಕೋಣೆ, ತಾಯಿಗೆ ಸಣ್ಣ ಕೆಲಸ. ಒಂದು ರವಿವಾರ ಮುಂಜಾನೆ ಆಕೆ ಅಂಟಾಪ್ ಹಿಲ್‌ನ ನಮ್ಮ ಸರಕಾರಿ ಕ್ವಾರ್ಟರ್ಸಿಗೆ ಬಂದು, ಹದಿನಾಲ್ಕು ಪುಟದ ಇಂಗ್ಲಿಷ್ ಕಾಗದವನ್ನು ಮುಂದಿಟ್ಟು, "ಕಾಕಾ, ನೀವು ದಿನಾ ಫೈಲು ನೋಡಾವ್ರು. ಇದನ್ನೊಂಚೂರು ಓದಿ ಹೇಳ್ರಿ, ಸಹಿ ಮಾಡ್ಲ್ಯೋ ಬ್ಯಾಡೋ" ಎಂದಳು.

ನಾವು ಓದಿದೆವು. ಅವಧಿ ಮೂರು ವರ್ಷ. ಅದು ಮುಗಿದ ಮೇಲೆ ಇನ್ನೆರಡು ವರ್ಷ ಮುಂದುವರಿಸುವ ಹಕ್ಕು ನಿರ್ಮಾಪಕರಿಗೆ, ಅವರೊಬ್ಬರಿಗೇ. ಆ ಅವಧಿಯಲ್ಲಿ ಬೇರೆ ಧಾರಾವಾಹಿ, ಚಲನಚಿತ್ರ, ಜಾಹೀರಾತು, ರಂಗಪ್ರದರ್ಶನ ಯಾವುದನ್ನೂ ಲಿಖಿತ ಅನುಮತಿ ಇಲ್ಲದೆ ಮಾಡಕೂಡದು. ಕೂದಲು ಕತ್ತರಿಸಕೂಡದು, ಮೈತೂಕ ಬದಲಾಗಕೂಡದು. ಸಂಭಾವನೆ ಕೆಲಸ ಮಾಡಿದ ದಿನಕ್ಕೆ ಮಾತ್ರ. ತಿಂಗಳಿಗೆ ಇಂತಿಷ್ಟು ದಿನ ಕರೆಯುತ್ತೇವೆಂಬ ಭರವಸೆ ಇಲ್ಲ. ಹಣ ಕೈಗೆ ಬರುವುದು ತೊಂಬತ್ತು ದಿನದ ಮೇಲೆ. ಈ ತೊಂಬತ್ತು ದಿನದ ಪದ್ಧತಿ ಮುಂಬಯಿಯ ಟೀವಿ ವ್ಯವಹಾರದಲ್ಲಿ ಹಳೆಯದೇ. ಕಲಾವಿದರ ಸಂಘದವರು ಅದರ ವಿರುದ್ಧ ವರ್ಷಗಟ್ಟಲೆ ದೂರುತ್ತ ಬಂದಿದ್ದಾರೆ. ಕೊನೆಗೆ ಇನ್ನೊಂದು ಕಲಮು: ನಿರ್ಮಾಪಕರು ಕಾರಣ ಕೊಡದೆ ಹದಿನೈದು ದಿನದ ನೋಟೀಸಿನಲ್ಲಿ ಆಕೆಯನ್ನು ತೆಗೆಯಬಹುದು. ಆಕೆ ಬಿಡಬಹುದೆಂಬ ಕಲಮು ಮಾತ್ರ ಹದಿನಾಲ್ಕು ಪುಟದಲ್ಲಿ ಎಲ್ಲಿಯೂ ಇರಲಿಲ್ಲ.

ಎಲ್ಲ ಕರಾರುಗಳೂ ಹೀಗೇ ಇರುತ್ತವೆಂದು ನಾವು ಹೇಳುವುದಿಲ್ಲ. ನಾವು ಓದಿದ್ದು ಒಂದನ್ನು. ಮತ್ತು ಓದಿದ ಮೇಲೆ ನಾವು ಕೊಟ್ಟ ಸಲಹೆಯನ್ನೂ ಇಲ್ಲಿ ಮುಚ್ಚಿಡುವುದಿಲ್ಲ. "ಸಹಿ ಮಾಡವ್ವಾ. ಮೂರು ವರ್ಷ ಕೆಲಸ ಅಂದ್ರ ಸಣ್ಣ ಮಾತಲ್ಲ" ಎಂದೆವು. ಕಾಯಂ ನೌಕರಿಯಲ್ಲಿ ಇಪ್ಪತ್ತು ವರ್ಷ ಸವೆಸಿದ ಗುಮಾಸ್ತನ ಬಾಯಲ್ಲಿ ಬೇರೆ ಮಾತು ಎಲ್ಲಿಂದ ಬರಬೇಕು?

ಇರಲಿ. ಮೊದಲು ವಿಷಯವನ್ನು ಬುಡದಿಂದ ನೋಡೋಣ.

ನಮ್ಮ ದೇಶದ ಟೀವಿಯಲ್ಲಿ ಮುಂದುವರಿಯುವ ಕಥೆಗಳ ಕಾಲ ನಿಜವಾಗಿ ಶುರುವಾದದ್ದು 1984ರ ಜುಲೈ 7ರಂದು, 'ಹಮ್ ಲೋಗ್'ನಿಂದ. ಮನೋಹರ ಶ್ಯಾಮ ಜೋಶಿಯವರು ಬರೆದ ಆ ಧಾರಾವಾಹಿ ನೂರೈವತ್ತಕ್ಕೂ ಮಿಕ್ಕಿ ಕಂತು ನಡೆದು 1985ರ ಡಿಸೆಂಬರ್‌ನಲ್ಲಿ ಮುಗಿಯಿತು. ಅಂದಿನ ದೂರದರ್ಶನದ ವ್ಯವಸ್ಥೆಯಲ್ಲಿ ನಿರ್ಮಾಪಕರಿಗೆ ಕಂತುಗಳು ಮಂಜೂರಾಗುತ್ತಿದ್ದುದು ಹದಿಮೂರರ ಲೆಕ್ಕದಲ್ಲಿ: ಹದಿಮೂರು, ಇಪ್ಪತ್ತಾರು, ಐವತ್ತೆರಡು. ಹದಿಮೂರು ವಾರವೆಂದರೆ ವರ್ಷದ ಕಾಲುಭಾಗ. ಇದು ಕಲೆಗಾಗಿ ಮಾಡಿದ ನಿಯಮವಲ್ಲ, ಕಚೇರಿಯ ಅನುಕೂಲಕ್ಕೆ ಮಾಡಿದ್ದು. ಆದರೆ ಕಚೇರಿಯ ನಿಯಮವೂ ಕೆಲವು ಸಲ ಕಲೆಗೆ ಉಪಕಾರ ಮಾಡುತ್ತದೆ. ಹದಿಮೂರು ಕಂತಿನಲ್ಲಿ ಏನು ಹೇಳಬೇಕೋ ಅದನ್ನು ಹೇಳಿ ಮುಗಿಸಬೇಕೆಂಬ ಗಡಿ ಬರಹಗಾರನ ಮುಂದೆ ಇರುತ್ತಿತ್ತು. ನಟನಿಗೂ ತನ್ನ ಪಾತ್ರದ ಆದಿ-ಅಂತ್ಯ ತಿಳಿದಿರುತ್ತಿತ್ತು.

ಶಂಕರನಾಗ್ ಅವರ 'ಮಾಲ್ಗುಡಿ ಡೇಸ್' ನೆನೆಯಿರಿ. ಆಗುಂಬೆಯನ್ನೇ ಮಾಲ್ಗುಡಿ ಮಾಡಿ ತೆಗೆದ ಆ ಮಾಲಿಕೆಯಲ್ಲಿ ಕೆಲವು ಕಥೆ ಒಂದೇ ಕಂತಿಗೆ ಮುಗಿಯುತ್ತಿದ್ದವು. ಸ್ವಾಮಿಯ ಕಥೆಯಂಥವು ಕೆಲವು ಕಂತುಗಳವರೆಗೆ ಹೋಗುತ್ತಿದ್ದವು. ಮಾಸ್ಟರ್ ಮಂಜುನಾಥನ ಸ್ವಾಮಿಯಾಗಲಿ, ಗಿರೀಶ ಕಾರ್ನಾಡರ ತಂದೆಯ ಪಾತ್ರವಾಗಲಿ, ಮಿಠಾಯಿ ಮಾರುವ ಜಗನ್ ಆಗಿ ಅನಂತನಾಗ್ ಆಗಲಿ ಇಂದಿಗೂ ಕಣ್ಣಿಗೆ ಕಟ್ಟಿದಂತಿರಲು ಒಂದು ಕಾರಣ, ಅವರು ಮುಗಿದು ಹೋದರು. ಹೇಳಬೇಕಾದ್ದನ್ನು ಹೇಳಿ ಎದ್ದು ಹೋದ ಅತಿಥಿಯ ನೆನಪು ಸಿಹಿಯಾಗಿರುತ್ತದೆ. ಶ್ಯಾಮ ಬೆನೆಗಲ್ಲರ 'ಭಾರತ್ ಏಕ್ ಖೋಜ್' 53 ಕಂತಿನಲ್ಲಿ ಐದು ಸಾವಿರ ವರ್ಷದ ಇತಿಹಾಸವನ್ನು ಹೇಳಿ ಮುಗಿಸಿತು. ಅಲ್ಲಿ ಒಬ್ಬನೇ ನಟ ಒಂದು ವಾರ ಒಂದು ಪಾತ್ರ, ಇನ್ನೊಂದು ವಾರ ಬೇರೊಂದು ಪಾತ್ರ. ನಟನಿಗೆ ಅದಕ್ಕಿಂತ ದೊಡ್ಡ ಶಾಲೆ ಬೇಕೇ?

ಹಾಗೆಂದು ಆ ಕಾಲವೆಲ್ಲ ಚಿನ್ನ ಎಂದು ನಾವು ಹೇಳಲಾರೆವು. ರಮಾನಂದ ಸಾಗರರ 'ರಾಮಾಯಣ' 1987ರ ಜನವರಿಯಲ್ಲಿ ಐವತ್ತೆರಡು ಕಂತಿಗೆಂದು ಶುರುವಾಗಿ, ಎಳೆದು ಎಳೆದು 78 ಕಂತಾಯಿತು. ಆಗ ನಾವು ಪ್ರಾಥಮಿಕ ಶಾಲೆಯ ಹುಡುಗರು. ಓಣಿಯಲ್ಲಿ ಟೀವಿ ಇದ್ದ ಒಂದೇ ಮನೆಯಲ್ಲಿ ಚಾಪೆಯ ಮೇಲೆ ಕೂತು, ಇಬ್ಬರು ವೀರರ ಬಾಣಗಳು ಆಕಾಶದಲ್ಲಿ ಒಂದನ್ನೊಂದು ಮುಟ್ಟಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತವೆ ಎಂದು ಎಣಿಸಿದ್ದೇವೆ. ಎಳೆಯುವ ರೋಗ ಹೊಸದಲ್ಲ. ಆದರೆ ರಾಮಾಯಣವನ್ನು ಎಷ್ಟು ಎಳೆದರೂ ರಾವಣ ಒಂದು ದಿನ ಸಾಯಲೇಬೇಕು. ಕಥೆಯೇ ಅಲ್ಲಿ ಕರಾರು.

2000ದ ಜುಲೈ 3ರಿಂದ ಲೆಕ್ಕ ಬದಲಾಯಿತು. ಅಂದು ಆರಂಭವಾದ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ' 2008ರ ನವೆಂಬರ್ 6ರವರೆಗೆ, ಎಂಟು ವರ್ಷ, 1,833 ಕಂತು ನಡೆಯಿತು. ವಾರಕ್ಕೊಂದು ಇದ್ದದ್ದು ದಿನಕ್ಕೊಂದಾಯಿತು. ನಿರ್ಮಾಪಕರು ತಾವೇ ಸಮಯ ಕೊಂಡು ಜಾಹೀರಾತು ಮಾರುವ ಪದ್ಧತಿ ಹಿಂದೆ ಬಿದ್ದು, ವಾಹಿನಿಯೇ ಕಂತಿಗೆ ಇಷ್ಟೆಂದು ಹಣ ಕೊಟ್ಟು ಮಾಡಿಸಿಕೊಳ್ಳುವ ಪದ್ಧತಿ ಬಲವಾಯಿತು. ಧಾರಾವಾಹಿ ವಾಹಿನಿಯ ಸೊತ್ತು. ಅಂಕಿ ಚೆನ್ನಾಗಿರುವವರೆಗೆ ಅದು ನಡೆಯಬೇಕು, ಅಂಕಿ ಬಿದ್ದ ದಿನ ನಿಲ್ಲಬೇಕು. ಇದರ ಅರ್ಥವೇನು? ಕಥೆ ಯಾವಾಗ ಮುಗಿಯುತ್ತದೆಂಬುದು ಬರಹಗಾರನಿಗೇ ತಿಳಿಯದು. ಬರಹಗಾರನಿಗೆ ತಿಳಿಯದ್ದು ನಟನಿಗೆ ತಿಳಿಯುವುದೆಂತು?

ದೀರ್ಘ ಕರಾರಿನ ಅಗತ್ಯ ಹುಟ್ಟಿದ್ದು ಇಲ್ಲಿ. ಕಥೆಗೆ ಕೊನೆ ಇಲ್ಲವೆಂದ ಮೇಲೆ ನಟನನ್ನೂ ಕೊನೆ ಇಲ್ಲದೆ ಹಿಡಿದಿಡಬೇಕು. ಬರಹಗಾರ ಮತ್ತು ವಾಹಿನಿಗೆ ಸ್ವಾತಂತ್ರ್ಯ, ನಟನಿಗೆ ಹಗ್ಗ. ಆದರೆ ಹಗ್ಗದ ಒಂದು ತುದಿಗೆ ಕಟ್ಟಿದವನೂ ಸ್ವತಂತ್ರನಾಗಿ ಉಳಿಯುವುದಿಲ್ಲ. ಬರಬರುತ್ತ ಕಥೆಯೂ ಅದೇ ಹಗ್ಗಕ್ಕೆ ಸಿಕ್ಕಿಬಿತ್ತು.

ಹೇಗೆಂದರೆ, 'ಕ್ಯೂಂಕಿ'ಯಲ್ಲಿ 2001ರಲ್ಲಿ ನಾಯಕ ಮಿಹಿರ ಸತ್ತನೆಂದು ತೋರಿಸಿದರು. ದೇಶವೆಲ್ಲ ಗೋಳಾಡಿತು. ಮಿಹಿರ ಮರಳಿ ಬಂದ. ಆಮೇಲೆ ಆ ಪಾತ್ರದ ಅಮರ ಉಪಾಧ್ಯಾಯರು ಹೋಗಿ, ಇಂದರ್ ಕುಮಾರ್ ಬಂದು, ಅವರ ಬಳಿಕ ರೋನಿತ್ ರಾಯ್ ಬಂದರು. ಗಂಡ ಒಬ್ಬನೇ, ಮುಖ ಮೂರು. ತುಳಸಿಯಾಗಿದ್ದ ಸ್ಮೃತಿ ಇರಾನಿಯವರು 2007ರಲ್ಲಿ ಬಿಟ್ಟಾಗ ಗೌತಮಿ ಕಪೂರ್ ಬಂದರು. 2008ರಲ್ಲಿ ಮತ್ತೆ ಸ್ಮೃತಿಯವರೇ ಬಂದರು. ಇಲ್ಲಿ ಸಾವು, ಪುನರ್ಜನ್ಮ, ಮರೆವು, ಇವು ಮನುಷ್ಯ ಜೀವನದಿಂದ ಹುಟ್ಟಿದ ಘಟನೆಗಳಲ್ಲ. ಯಾವ ನಟ ಇದ್ದಾನೆ, ಯಾವ ನಟ ಇಲ್ಲ ಎಂಬ ಹಾಜರಿ ಪುಸ್ತಕದಿಂದ ಹುಟ್ಟಿದವು. ನೋಡುವವರು ಕಥೆ ನೋಡುತ್ತೇವೆಂದು ತಿಳಿದಿದ್ದಾರೆ. ನಿಜಕ್ಕೂ ಅವರು ನೋಡುತ್ತಿರುವುದು ಕರಾರುಗಳ ಏರಿಳಿತವನ್ನು. ಒಂದು ಪಾತ್ರ ಇದ್ದಕ್ಕಿದ್ದಂತೆ ವಿದೇಶಕ್ಕೆ ಹೋದರೆ, ಮೆಟ್ಟಿಲಿಂದ ಬಿದ್ದು ನೆನಪು ಕಳೆದುಕೊಂಡರೆ, ಕಥೆ ಹತ್ತೋ ಇಪ್ಪತ್ತೋ ವರ್ಷ ಮುಂದೆ ಹಾರಿದರೆ, ಅದರ ಹಿಂದೆ ಬಹಳ ಸಲ ಒಂದು ಸಹಿ, ಇಲ್ಲವೇ ಸಹಿ ಆಗದೆ ಉಳಿದ ಒಂದು ಕಾಗದ ಇರುತ್ತದೆ.

'ಬಾಲಿಕಾ ವಧು'ವಿನ ಕಥೆ ಇನ್ನೂ ಖೇದಕರ. 2008ರಲ್ಲಿ ಅದು ಬಂದಾಗ ನಮಗೆ ಸಂತೋಷವಾಗಿತ್ತು. ಬಾಲ್ಯವಿವಾಹವೆಂಬ ನಿಜವಾದ ವಿಷಯ. ಅವಿಕಾ ಗೋರ್ ಎಂಬ ಮಗುವಿನ ನಿಜವಾದ ಅಭಿನಯ. ಆ ಕಥೆಗೆ ಸಹಜವಾದ ಒಂದು ಕೊನೆ ಇತ್ತು. ಆನಂದಿ ಬೆಳೆದು, ತನ್ನ ಬಾಳಿನ ಬಗ್ಗೆ ತಾನೇ ಒಂದು ನಿರ್ಧಾರ ಮಾಡಿದ ದಿನ ಅದು ಮುಗಿಯಬೇಕಿತ್ತು. ಮುಗಿಯಲಿಲ್ಲ. ಆನಂದಿಯಾಗಿ ಅವಿಕಾ ಹೋಗಿ ಪ್ರತ್ಯೂಷಾ ಬ್ಯಾನರ್ಜಿ, ಅವರು ಹೋಗಿ ತೋರಲ್ ರಾಸ್‌ಪುತ್ರಾ ಬಂದರು. 2016ರವರೆಗೆ ಎರಡು ಸಾವಿರಕ್ಕೂ ಮೇಲ್ಪಟ್ಟು ಕಂತುಗಳು ನಡೆದವು. ಕೊನೆಯ ವರ್ಷಗಳಲ್ಲಿ ಬಾಲ್ಯವಿವಾಹದ ವಿಷಯ ಶೀರ್ಷಿಕೆಯಲ್ಲಿ ಉಳಿದಷ್ಟು ಕಥೆಯಲ್ಲಿ ಉಳಿದಿರಲಿಲ್ಲ. ನಮ್ಮ ಕನ್ನಡದಲ್ಲಿ 'ಪುಟ್ಟಗೌರಿ ಮದುವೆ' 2012ರಲ್ಲಿ ಇದರ ರೂಪಾಂತರವಾಗಿಯೇ ಹೊರಟು, ಅದೇ ದಾರಿಯಲ್ಲಿ ವರ್ಷಗಟ್ಟಲೆ ನಡೆಯಿತು.

ಬಿ.ಎಸ್ಸಿ.ಯಲ್ಲಿ ಕಲಿತದ್ದರಲ್ಲಿ ನಮಗೆ ಹೆಚ್ಚು ನೆನಪಿಲ್ಲ. ಆದರೆ ತಂತಿಗೆ ತೂಕ ಕಟ್ಟಿ ಎಳೆಯುವ ಒಂದು ಪ್ರಯೋಗ ನೆನಪಿದೆ. ಒಂದು ಮಿತಿಯವರೆಗೆ ಎಳೆದರೆ, ತೂಕ ತೆಗೆದ ಕೂಡಲೇ ತಂತಿ ಮೊದಲಿನ ಉದ್ದಕ್ಕೆ ಬರುತ್ತದೆ. ಮಿತಿ ದಾಟಿ ಎಳೆದರೆ ತುಂಡಾಗದಿದ್ದರೂ ಮೊದಲಿನಂತಾಗುವುದಿಲ್ಲ. ಧಾರಾವಾಹಿಯ ಪಾತ್ರಗಳಿಗೂ ಈ ಮಿತಿ ಇದೆ. ಅದನ್ನು ದಾಟಿದ ಮೇಲೆ ಪಾತ್ರ ಬದುಕಿರುತ್ತದೆ, ಆದರೆ ಅದಕ್ಕೆ ಸ್ವಭಾವ ಎಂಬುದಿರುವುದಿಲ್ಲ. ಸೋಮವಾರ ಸಾಧ್ವಿ, ಗುರುವಾರ ಸಂಚುಗಾರ್ತಿ.

ಮುಂಬಯಿ-ಪುಣೆಯ ನಮ್ಮ ಬಂಧುಗಳಿಗೆ ಹೋಲಿಸಿ ನೋಡಲು ಅಪರೂಪದ ಒಂದು ಉದಾಹರಣೆ ಸಿಕ್ಕಿತ್ತು. ಮರಾಠಿಯ 'ತುಲಾ ಪಾಹತೇ ರೇ' ಮತ್ತು ಅದರ ಕನ್ನಡ ರೂಪಾಂತರ 'ಜೊತೆಜೊತೆಯಲಿ'. ಎರಡನ್ನೂ ನೋಡಿದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ನಡುವಯಸ್ಸಿನ ಶ್ರೀಮಂತ ಉದ್ಯಮಿಯನ್ನು ಮಧ್ಯಮ ವರ್ಗದ ತರುಣಿಯೊಬ್ಬಳು ಪ್ರೀತಿಸಿ ಮದುವೆಯಾಗುತ್ತಾಳೆ. ಆಮೇಲೆ ಆತನ ಮೊದಲ ಹೆಂಡತಿಯ ಸಾವಿನ ಗುಟ್ಟು ಹೊರಬರುತ್ತದೆ. ಮರಾಠಿಯದು 2018ರ ಆಗಸ್ಟ್‌ನಲ್ಲಿ ಆರಂಭವಾಗಿ 2019ರ ಜುಲೈಯಲ್ಲಿ, ಒಂದು ವರ್ಷ ತುಂಬುವ ಮುನ್ನವೇ ಮುಗಿಯಿತು. ಸುಬೋಧ ಭಾವೆಯವರ ನಾಯಕ ಮೊದಲು ಮನಸ್ಸು ಗೆದ್ದು, ನಂತರ ಅದೇ ನಗುವಿನಿಂದ ಭಯ ಹುಟ್ಟಿಸಿದ. ಪ್ರೇಕ್ಷಕರು ತಾವು ಮೆಚ್ಚಿದವನು ಎಂಥವನೆಂದು ತಿಳಿದು ಬೆಚ್ಚಿದರು. ಕಥೆಯ ತಿರುಳೇ ಅದು. ಆ ಬೆಚ್ಚುವಿಕೆಗೆ ಕಾಲಮಿತಿ ಬೇಕು.

ಕನ್ನಡದ್ದು 2019ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಮೊದಲ ತಿಂಗಳುಗಳು ಬಹಳ ಚೆನ್ನಾಗಿದ್ದವು. ಅನು ಸಿರಿಮನೆಯ ವಠಾರದ ಮನೆ, ಅಪ್ಪ-ಅಮ್ಮನ ಮಾತು, ಆರ್ಯವರ್ಧನನಾಗಿ ಅನಿರುದ್ಧರ ಸಂಯಮ, ಇವುಗಳಲ್ಲಿ ನಮ್ಮ ಮನೆಗಳ ವಾಸನೆ ಇತ್ತು. ಮರಾಠಿಯ ಮೂಲಕ್ಕಿಂತ ಕನ್ನಡದ ಮನೆ ಹೆಚ್ಚು ಬೆಚ್ಚಗಿತ್ತೆಂದೇ ನಮ್ಮ ಅಭಿಪ್ರಾಯ. ಆದರೆ ಜನ ಮೆಚ್ಚಿದ್ದೇ ಕಥೆಗೆ ಮುಳುವಾಯಿತು. ಅಷ್ಟು ಮೆಚ್ಚಿದ ನಾಯಕನನ್ನು ಕೊಲೆಗಾರನೆಂದು ತೋರಿಸಿ ಮುಗಿಸಲು ಯಾರಿಗೆ ಮನಸ್ಸು ಬಂದೀತು? ಕಥೆ ಸುತ್ತತೊಡಗಿತು. 2022ರ ಆಗಸ್ಟ್‌ನಲ್ಲಿ ನಿರ್ಮಾಪಕರಿಗೂ ಅನಿರುದ್ಧರಿಗೂ ಮನಸ್ತಾಪವಾಗಿ ಅವರು ಹೊರಗಾದರು. ತಪ್ಪು ಯಾರದೆಂಬುದು ನಮ್ಮ ವಿಷಯವಲ್ಲ; ಎರಡು ಪಕ್ಷವೂ ತಮ್ಮ ತಮ್ಮ ಮಾತು ಹೇಳಿಕೊಂಡಿವೆ. ನಮಗೆ ಮುಖ್ಯವಾದದ್ದು ಆಮೇಲೆ ಕಥೆಗೆ ಬಂದ ಪಾಡು. ಅಪಘಾತ, ಮುಖದ ಶಸ್ತ್ರಚಿಕಿತ್ಸೆ, ಹೊಸ ಮುಖದಲ್ಲಿ ಹರೀಶ್ ರಾಜ್. ಅವರು ಅನುಭವವುಳ್ಳ ನಟರು. ಆದರೆ ಮೂರು ವರ್ಷ ಇನ್ನೊಬ್ಬರು ಕಟ್ಟಿದ ಮನುಷ್ಯನನ್ನು ಒಂದು ವಾರದಲ್ಲಿ ಮೈಮೇಲೆ ತೊಟ್ಟುಕೊಳ್ಳಲು ಅದೇನು ಕೋಟೇ? 2023ರ ಮೇ ತಿಂಗಳಲ್ಲಿ ಅದು ಮುಗಿದಾಗ, ಒಂದು ವರ್ಷದ ಕಥೆ ಮೂರು ವರ್ಷ ಎಂಟು ತಿಂಗಳು ನಡೆದಿತ್ತು.

ಇಲ್ಲಿ ನಮ್ಮದೊಂದು ಊಹೆ. ಸುಬೋಧ ಭಾವೆಯವರು ಆಗಲೇ ಮರಾಠಿ ರಂಗಭೂಮಿಯಲ್ಲೂ ಚಿತ್ರರಂಗದಲ್ಲೂ ಹೆಸರಾದವರು. ಅಂಥ ನಟ ವರ್ಷಗಟ್ಟಲೆ ಒಂದೇ ಪಾತ್ರಕ್ಕೆ ಸಿಕ್ಕಿಕೊಳ್ಳುವುದು ಕಷ್ಟ. ಹೊರಗೆ ಬೇರೆ ಕೆಲಸವುಳ್ಳ ನಟ ಇದ್ದಲ್ಲಿ ಕಥೆಯೂ ಹೊತ್ತಿಗೆ ಸರಿಯಾಗಿ ಮುಗಿಯುವ ಸಂಭವ ಹೆಚ್ಚು. ನಟನ ಬಿಡುವು ಕಥೆಗೆ ಲಗಾಮು.

ಇನ್ನು ಎದುರು ಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬೇಕು.

ನಿರ್ಮಾಪಕರು ಹೇಳುವುದರಲ್ಲಿ ಹುರುಳಿದೆ. ಗೋರೆಗಾಂವಿನ ಚಿತ್ರನಗರಿಯಲ್ಲೋ ನಾಯಗಾಂವಿನಲ್ಲೋ ಲಕ್ಷಗಟ್ಟಲೆ ಸುರಿದು ಮನೆಯ ಸೆಟ್ ಹಾಕುತ್ತಾರೆ. ಜನ ಮುಖ ನೋಡಿ ಧಾರಾವಾಹಿ ನೋಡುತ್ತಾರೆ. ಹೆಸರು ಬಂದ ಮೂರೇ ತಿಂಗಳಿಗೆ ನಾಯಕ ಸಿನಿಮಾಕ್ಕೆ ಹಾರಿದರೆ, ಲೈಟ್ ಹಿಡಿಯುವವನಿಂದ ಹಿಡಿದು ಚಹ ಕೊಡುವ ಹುಡುಗನವರೆಗೆ ಎಷ್ಟೋ ಜನರ ಅನ್ನಕ್ಕೆ ಕಲ್ಲು. ಆದ್ದರಿಂದ ಕರಾರೇ ಬೇಡವೆಂಬುದು ಬೇಜವಾಬ್ದಾರಿಯ ಮಾತು.

ನಟರ ಕಡೆಯಿಂದಲೂ ಒಂದು ಮಾತಿದೆ. ಈ ಊರಿನ ಬಾಡಿಗೆ ಕಟ್ಟುವವನಿಗೆ ಗೊತ್ತು, ಮೂರು ವರ್ಷದ ಕೆಲಸವೆಂದರೆ ಏನೆಂದು. ತಿಂಗಳ ಮೊದಲ ತಾರೀಖಿಗೆ ಸಂಬಳ ಎಣಿಸುವ ನಾವು ಅದನ್ನು ಹಗುರಾಗಿ ಮಾತಾಡಬಾರದು.

ಮೂರನೆಯ ಆಕ್ಷೇಪ ಇತಿಹಾಸದ್ದು. ಹಿಂದೆ ಕಲಾವಿದರು ಸಂಬಳಕ್ಕೆ ಇರಲಿಲ್ಲವೇ? ಇದ್ದರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಲ್ಲಿ ಕಲಾವಿದರು ವರ್ಷಗಟ್ಟಲೆ ಕಂಪನಿಯ ಅನ್ನ ಉಂಡು ಬಾಳಿದರು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಬಿ.ವಿ. ಕಾರಂತ, ಇವರೆಲ್ಲ ಆ ಮನೆಯ ಮಕ್ಕಳು. ಪುಣೆಗೆ 1933ರಲ್ಲಿ ಬಂದ ಪ್ರಭಾತ್ ಚಿತ್ರಸಂಸ್ಥೆಯಲ್ಲೂ ನಟರು ತಿಂಗಳ ಸಂಬಳದವರೇ. ದೀರ್ಘ ಕರಾರು ಕಲೆಯನ್ನು ಕೊಲ್ಲುವುದಾದರೆ ಇವರೆಲ್ಲ ಹೇಗೆ ಬೆಳೆದರು?

ಈ ಪ್ರಶ್ನೆಯಲ್ಲೇ ಉತ್ತರವಿದೆ. ಗುಬ್ಬಿ ಕಂಪನಿಯ ನಟ ಕಂಪನಿಗೆ ಕಟ್ಟುಬಿದ್ದಿದ್ದ, ಒಂದು ಪಾತ್ರಕ್ಕಲ್ಲ. ಇಂದು ಹಾಸ್ಯ, ನಾಳೆ ಸ್ತ್ರೀವೇಷ, ನಾಡಿದ್ದು ರಾಕ್ಷಸ. ನಾಟಕ ಪ್ರತಿ ರಾತ್ರಿ ಮಂಗಳ ಹಾಡಿ ಮುಗಿಯುತ್ತಿತ್ತು. ಪ್ರಭಾತದ ನಟನೂ ಒಂದು ಚಿತ್ರ ಮುಗಿಸಿ ಇನ್ನೊಂದಕ್ಕೆ ಹೋಗುತ್ತಿದ್ದ. ಕರಾರು ದೀರ್ಘವಾಗಿತ್ತು, ಕಥೆ ಚಿಕ್ಕದಾಗಿತ್ತು. ಇಂದಿನ ಧಾರಾವಾಹಿಯಲ್ಲಿ ನಟ ಒಂದು ಮುಖಕ್ಕೆ, ಒಂದು ಸೀರೆಗೆ, ಒಂದು ಬಗೆಯ ಕಣ್ಣರಳಿಸುವಿಕೆಗೆ ಕಟ್ಟುಬೀಳುತ್ತಾನೆ. ಅದು ಉದ್ಯೋಗ ಭದ್ರತೆಯೂ ಅಲ್ಲ, ಏಕೆಂದರೆ ಹದಿನೈದು ದಿನದ ನೋಟೀಸು ತಲೆಯ ಮೇಲೆ ತೂಗುತ್ತಿದೆ. ಕಂಪನಿಯ ಕಟ್ಟು ಇದೆ, ಕಂಪನಿಯ ಅನ್ನ ಇಲ್ಲ.

ದಿನವಹಿ ಧಾರಾವಾಹಿ ಎಂದ ಮಾತ್ರಕ್ಕೆ ಕೆಡಲೇಬೇಕೆಂದೂ ಇಲ್ಲ. ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ', 'ಮನ್ವಂತರ', 'ಮುಕ್ತ'ಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲೂ ನೂರಾರು ಕಂತು, ಅಲ್ಲೂ ಅಲ್ಲಲ್ಲಿ ಎಳೆತ. ಆದರೂ ನ್ಯಾಯಾಲಯದ ದೃಶ್ಯವೊಂದನ್ನು ಕುಟುಂಬವೆಲ್ಲ ಉಸಿರು ಬಿಗಿಹಿಡಿದು ನೋಡಿ, ಊಟಕ್ಕೆ ಕೂತಾಗ ಅದನ್ನೇ ವಾದಿಸುತ್ತಿತ್ತು. ಬರೆಯುವವರು, ನಿರ್ದೇಶಿಸುವವರು, ಕರಿಕೋಟು ತೊಟ್ಟು ವಾದಿಸುವವರು ಬಹುಮಟ್ಟಿಗೆ ಒಬ್ಬರೇ ಆಗಿದ್ದುದರಿಂದ ಕಥೆ ಎತ್ತ ಹೋಗುತ್ತದೆಂಬುದು ಒಂದು ತಲೆಯಲ್ಲಿ ಇತ್ತು. ಉದ್ದವಲ್ಲ ದೋಷ, ಗೊತ್ತುಗುರಿ ಇಲ್ಲದ ಉದ್ದವೇ ದೋಷ.

ಕಾನೂನು ಏನು ಹೇಳುತ್ತದೆಂದು ಹಲವರು ಕೇಳಬಹುದು. ನಾವು ವಕೀಲರಲ್ಲ, ಆದರೂ ಆ ಹುಡುಗಿಯ ಕಾರಣಕ್ಕೆ ಓದಿಕೊಂಡದ್ದನ್ನು ಹೇಳುತ್ತೇವೆ. 1872ರ ಕರಾರು ಕಾಯಿದೆಯ 27ನೆಯ ಕಲಮಿನ ಪ್ರಕಾರ ಒಬ್ಬನ ಉದ್ಯೋಗವನ್ನು ತಡೆಯುವ ಒಪ್ಪಂದ ಅಸಿಂಧು. ಆದರೆ ಕರಾರು ಮುಗಿದ ಮೇಲಿನ ತಡೆಗೆ ಇದು ಹೆಚ್ಚಾಗಿ ಅನ್ವಯಿಸುತ್ತದೆ. ಕರಾರು ಜಾರಿಯಲ್ಲಿರುವಾಗ ಬೇರೆಡೆ ದುಡಿಯಬಾರದೆಂಬ ಷರತ್ತನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪಿವೆ. 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ ಪ್ರಕಾರ, ಸ್ವಂತ ಪ್ರತಿಭೆಯಿಂದ ಮಾಡಬೇಕಾದ ಕೆಲಸವನ್ನು ಬಲವಂತವಾಗಿ ಮಾಡಿಸಲು ಬರುವುದಿಲ್ಲ. ಅಂದರೆ "ಅಭಿನಯಿಸು" ಎಂದು ನ್ಯಾಯಾಧೀಶರು ಆಜ್ಞೆ ಮಾಡಲಾರರು. "ಬೇರೆಡೆ ಅಭಿನಯಿಸಬೇಡ" ಎಂದು ಮಾತ್ರ ತಡೆಯಬಹುದು. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಂದ ತಿದ್ದುಪಡಿ, ಅಭಿನಯದ ವಾಣಿಜ್ಯ ಬಳಕೆಗೆ ಕಲಾವಿದರಿಗೆ ಗೌರವಧನದ ಹಕ್ಕನ್ನು ಹೇಳುತ್ತದೆ. ಕಾಗದದ ಮೇಲಿನ ಈ ಹಕ್ಕು ಚಿಕ್ಕ ಪಾತ್ರದವರ ಮನೆಯವರೆಗೆ ಬಂದದ್ದನ್ನು ನಾವು ಕಂಡಿಲ್ಲ.

ಈಗ ಆ ಹುಡುಗಿಯ ಮಾತಿಗೆ ಬರೋಣ. ಮೊದಲ ವರ್ಷ ಚೆನ್ನಾಗಿಯೇ ನಡೆಯಿತು. ಸಂಘದಲ್ಲಿ ಎಲ್ಲರೂ ಹೆಮ್ಮೆಪಟ್ಟೆವು. ಎರಡನೆಯ ವರ್ಷ ಕಥೆ ಹದಿನೆಂಟು ವರ್ಷ ಮುಂದೆ ಹಾರಿತು. ಇಪ್ಪತ್ತಾರರ ಹುಡುಗಿಯ ಕಿವಿಯ ಬಳಿ ಬಿಳಿ ಬಣ್ಣ ಬಳಿದು, ತನಗಿಂತ ಎರಡು ವರ್ಷ ಚಿಕ್ಕವನಿಗೆ ತಾಯಿ ಮಾಡಿದರು. ಆಕೆ ಬಿಡುತ್ತೇನೆಂದು ಬರೆದುಕೊಟ್ಟಳು. ಅವರು ಬಿಡಲಿಲ್ಲ, ತೆಗೆಯಲೂ ಇಲ್ಲ. ಆಕೆಯ ಪಾತ್ರಕ್ಕೆ ಅಪಘಾತವಾಯಿತು. ಅಂದಿನಿಂದ ಆ ಪಾತ್ರ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದೆ. ತಿಂಗಳಿಗೆ ಎರಡು ದಿನ ಕರೆಯುತ್ತಾರೆ. ಮೂಗಿಗೆ ನಳಿಗೆ ಅಂಟಿಸಿಕೊಂಡು ಕಣ್ಣು ಮುಚ್ಚಿ ಮಲಗಿ ಬರುತ್ತಾಳೆ. ಎರಡು ದಿನದ ಹಣ ತೊಂಬತ್ತು ದಿನದ ಮೇಲೆ. ಉಳಿದ ಇಪ್ಪತ್ತೆಂಟು ದಿನ ಬೇರೆಲ್ಲೂ ದುಡಿಯುವಂತಿಲ್ಲ. ಕಳೆದ ತಿಂಗಳು ಮೂರು ವರ್ಷ ತುಂಬಿತು. ಮುಂದಿನ ಎರಡು ವರ್ಷದ ಹಕ್ಕನ್ನು ಚಲಾಯಿಸಿದ್ದೇವೆಂದು ಒಂದು ಸಾಲಿನ ಪತ್ರ ಬಂತು.

ಅದನ್ನು ಹಿಡಿದು ಆಕೆ ಮತ್ತೆ ನಮ್ಮ ಮನೆಗೆ ಬಂದಳು. ಬೈಯಲಿಲ್ಲ. "ಕಾಕಾ, ಮಕ್ಕೊಂಡು ಮಕ್ಕೊಂಡು ಅಭಿನಯ ಮಾಡೋದು ಮರ್ತು ಹೋಗತೈತೇನೋ ಅಂತ ಅಂಜಿಕಿ ಆಗತೈತ್ರಿ" ಎಂದಳು. ನಮ್ಮ ಅವ್ವ ಒಳಗಿನಿಂದ, "ಆ ಪಾತ್ರಕ್ಕ ಎಚ್ಚರ ಯಾವಾಗ ಬರತೈತವ್ವಾ?" ಎಂದು ಕೇಳಿದರು. ಅವರು ಆ ಧಾರಾವಾಹಿಯನ್ನು ತಪ್ಪದೆ ನೋಡುವವರು. ಹುಡುಗಿ ನಕ್ಕಳು. ನಮಗೆ ನಗಲಾಗಲಿಲ್ಲ. ಅಂದು ಸಹಿ ಮಾಡೆಂದವರು ನಾವೇ. ಈಗ ಸಂಘದ ಸದಸ್ಯರಾದ ವಕೀಲರೊಬ್ಬರು ಹಣ ತೆಗೆದುಕೊಳ್ಳದೆ ಕಾಗದ ನೋಡುತ್ತಿದ್ದಾರೆ. ಕೆಲಸವನ್ನೇ ಕೊಡದೆ ಬೇರೆ ಕೆಲಸ ತಡೆಯುವುದನ್ನು ಪ್ರಶ್ನಿಸಬಹುದೆಂದು ಅವರ ಅಭಿಪ್ರಾಯ. ಒಂದು ಪತ್ರ ಹೋಗಿದೆ, ಉತ್ತರ ಬರಬೇಕು.

ಈ ಅನುಭವದಿಂದ ನಮಗೆ ತೋಚಿದ್ದನ್ನು ಹೇಳಿ ಮುಗಿಸುತ್ತೇವೆ. ಕರಾರು ವರ್ಷಕ್ಕಲ್ಲ, ಕಥೆಗೆ ಇರಬೇಕು. ನೂರು ಕಂತಿಗೆ ಕಥೆಯ ಸಾರಾಂಶವನ್ನು ಕರಾರಿನ ಜೊತೆ ಲಗತ್ತಿಸಲಿ. ನೂರು ಮುಗಿದ ಮೇಲೆ ಎರಡೂ ಕಡೆ ಒಪ್ಪಿದರೆ ಮುಂದಿನ ನೂರು. ಆಗ ಬರಹಗಾರನಿಗೂ ನೂರರೊಳಗೆ ಒಂದು ದಡ ಮುಟ್ಟಿಸುವ ಹೊಣೆ ಬರುತ್ತದೆ. ನೋಟೀಸಿನ ಅವಧಿ ಇಬ್ಬರಿಗೂ ಒಂದೇ ಇರಲಿ. ಬೇರೆಡೆ ದುಡಿಯಬೇಡವೆನ್ನುವವರು ದುಡಿಯದ ದಿನಕ್ಕೂ ಕನಿಷ್ಠ ಹಣ ಕೊಡಲಿ. ರಂಗಭೂಮಿಯನ್ನು ಮಾತ್ರ ಈ ತಡೆಯಿಂದ ಹೊರಗಿಡಲಿ. ನಟ ತನ್ನ ಹತಾರ ಮಸೆಯುವ ಕಲ್ಲು ಅದು, ಅದರಿಂದ ಧಾರಾವಾಹಿಗೇ ಲಾಭ. ಇವು ದೊಡ್ಡ ಕ್ರಾಂತಿಯ ಮಾತುಗಳಲ್ಲ. ಒಂದು ಮಧ್ಯಮ ಕಚೇರಿಯ ಬಡ್ತಿ ನಿಯಮಗಳಲ್ಲೂ ಇದಕ್ಕಿಂತ ಹೆಚ್ಚಿನ ನ್ಯಾಯವಿರುತ್ತದೆ.

ನಮ್ಮ ಪಾಲಿನದೂ ಒಂದಿದೆ. ಮಿಹಿರ ಸತ್ತಾಗ ಗೋಳಾಡಿ ಬದುಕಿಸಿದವರು ಪ್ರೇಕ್ಷಕರು. 2025ರ ಜುಲೈಯಲ್ಲಿ ಅದೇ ಹೆಸರಿನ ಧಾರಾವಾಹಿ ಮತ್ತೆ ಬಂದಾಗ, ಅದೇ ತುಳಸಿ, ಅದೇ ಮಿಹಿರ ಎಂದು ಖುಷಿಯಿಂದ ಟೀವಿ ಮುಂದೆ ಕೂತವರಲ್ಲಿ ನಮ್ಮ ಮನೆಯವರೂ ಇದ್ದರು. ಕೊನೆಯನ್ನು ಸಹಿಸದ ಪ್ರೇಕ್ಷಕರಿಗೆ ಕೊನೆಯಿಲ್ಲದ ಕಥೆಯೇ ಸಿಗುತ್ತದೆ. ಮುಗಿದ ಕಥೆಯನ್ನು ಮುಗಿಯಿತೆಂದು ಒಪ್ಪಿ ಎದ್ದು ಹೋಗುವುದನ್ನು ನಾವೂ ಕಲಿಯಬೇಕು.

ಈ ಸಲದ ರಾಜ್ಯೋತ್ಸವದ ನಾಟಕದಲ್ಲಿ ಆಕೆಗೆ ಪಾತ್ರ ಕೊಡಲಾಗಲಿಲ್ಲ; ಕರಾರಿನ ಕಲಮು ಅಡ್ಡ ಬಂತು. ಪ್ರಾಂಪ್ಟಿಂಗ್ ಮಾಡಬಾರದೆಂದು ಕಾಗದದಲ್ಲಿ ಎಲ್ಲೂ ಇರಲಿಲ್ಲವಾದ್ದರಿಂದ, ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದು ನಿಂತಿದ್ದಳು. ಮೂರನೆಯ ದೃಶ್ಯದಲ್ಲಿ ನಾವು ಮಾತು ಮರೆತಾಗ ಎತ್ತಿಕೊಟ್ಟವಳು ಅವಳೇ. ಪುಸ್ತಕ ನೋಡದೆಯೇ ಎತ್ತಿಕೊಟ್ಟಳು; ಅವಳಿಗೆ ಇಡೀ ನಾಟಕ ಬಾಯಿಪಾಠವಾಗಿತ್ತು.

ಮಕ್ಕಳು ಇಂಥ ಕಾಗದ ಹಿಡಿದು ಬಂದರೆ, ಬಂಧುಗಳು ಮೊದಲು "ಬಿಡುವ ಕಲಮು ಎಲ್ಲಿದೆ?" ಎಂದು ಕೇಳಲಿ. ನಾವು ಕೇಳಲಿಲ್ಲ.